ಚೈನ್‌ನ ಎರಡು ತುದಿ ಹೆಣೆದದ್ದು: ನನ್ನ ಅನುಭವ

ಹೈಸೆನ್‌ಬರ್ಗ್ ಚೈನ್ ಅಂದರೆ ಪುಟ್ಟ ಕ್ವಾಂಟಮ್ ಅಯಸ್ಕಾಂತಗಳ (ಸ್ಪಿನ್) ಸಾಲು; ಪಕ್ಕಪಕ್ಕದವು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ತಿರುಗಲು ನೋಡುತ್ತವೆ. ಅದರಲ್ಲಿ ಪಕ್ಕದ ಸ್ಪಿನ್ ಜೊತೆ ಕನ್ಕರೆನ್ಸ್ (ಎರಡು ಸ್ಪಿನ್‌ಗಳ ಎಂಟ್ಯಾಂಗಲ್‌ಮೆಂಟ್, ಅಂದರೆ ಕ್ವಾಂಟಮ್ ಹೆಣಿಗೆಯ ಅಳತೆ; ಸೊನ್ನೆಯಿಂದ 1ರವರೆಗೆ) 0.386. ಅದರಾಚೆ ಸೊನ್ನೆ. ಇದನ್ನೇ ಹಿಡಿದುಕೊಂಡು, ಗ್ರೌಂಡ್ ಸ್ಟೇಟ್‌ನಿಂದ (ಅತಿ ಕಡಿಮೆ ಶಕ್ತಿಯ ಸ್ಥಿತಿ) ದೂರಕ್ಕೆ ಎಂಟ್ಯಾಂಗಲ್‌ಮೆಂಟ್ ಹಂಚೋದೆಲ್ಲ ಸುಮ್ನೆ ದುಡ್ಡು ದಂಡ ಅಂದವರೇ ಜಾಸ್ತಿ. ಈಗ ನಡುವೆ ಸುಮಾರು 40 ಸ್ಪಿನ್ ಇಟ್ಟುಕೊಂಡು, ಎರಡು ತುದಿಗಳ ನಡುವೆ 0.9ರ ಮೇಲೆ ತೆಗೆದಿದ್ದೇನೆ. ಸಿಮ್ಯುಲೇಶನ್‌ನಲ್ಲಿ, ನಿಜ. ಆದರೂ ಬಂತಲ್ವಾ?

ಮೊದಲು ಡೈಮರ್ ದಾರಿ ಹಿಡಿದೆ: ಒಂದು ಬಾಂಡ್ (ಪಕ್ಕದ ಸ್ಪಿನ್‌ಗಳ ನಡುವಿನ ಕೊಂಡಿ) ಬಿಗಿ, ಮುಂದಿನದು ಸಡಿಲ, ಹೀಗೆ ಸರದಿಯಲ್ಲಿ. ಕನ್ಕರೆನ್ಸ್ ಚೆನ್ನಾಗಿಯೇ ಬಂತು. ಆದರೆ ಉದ್ದ ಹೆಚ್ಚಿದಂತೆ ಗ್ಯಾಪ್ (ಗ್ರೌಂಡ್ ಸ್ಟೇಟ್‌ಗೂ ಅದರ ಮೇಲಿನ ಸ್ಥಿತಿಗೂ ಇರುವ ಶಕ್ತಿಯ ಅಂತರ) ಘಾತೀಯವಾಗಿ ಕುಸಿಯುತ್ತೆ. ತಾಪ ಆ ಗ್ಯಾಪ್‌ಗಿಂತ ಕೆಳಗಿರದಿದ್ದರೆ ಹೆಣಿಗೆ ಉಳಿಯಲ್ಲ. ಅಷ್ಟು ತಣ್ಣಗೆ ಯಾರು ಮಾಡ್ತಾರೆ? ಬಿಟ್ಟೆ. ಆಮೇಲೆ ಒಳಗಿನ ಬಾಂಡ್ ಎಲ್ಲ 1, ತುದಿಯವು ಎರಡೇ 0.1. 2006ರಿಂದ ಗೊತ್ತಿರುವ ಉಪಾಯ. ಇಲ್ಲಿ ಗ್ಯಾಪ್ ಹೆಚ್ಚುಕಡಿಮೆ ಉದ್ದಕ್ಕೆ ವಿಲೋಮವಾಗಿ ಇಳಿಯುತ್ತೆ, ಅಷ್ಟೆ.

ಜೇಬು ಖಾಲಿ ಮಾಡಿದ್ದು ಡಿಎಂಆರ್‌ಜಿ (ಇಂಥ ಸಾಲಿನ ಗ್ರೌಂಡ್ ಸ್ಟೇಟ್ ಹುಡುಕುವ ಕಂಪ್ಯೂಟರ್ ವಿಧಾನ). ಬಾಡಿಗೆ ಸರ್ವರ್ ಗಂಟೆಗಟ್ಟಲೆ ಓಡುತ್ತಿತ್ತು, ಸ್ವೀಪ್‌ಗಳು (ಸಾಲಿನ ಉದ್ದಕ್ಕೂ ಹೋಗಿಬರುವ ಲೆಕ್ಕದ ಸುತ್ತುಗಳು) ಶಾಂತವಾಗಿ ಮುಗಿಯುತ್ತಿದ್ದವು, ಶಕ್ತಿ ಗಟ್ಟಿಯಾಗಿ ನಿಲ್ಲುತ್ತಿತ್ತು. ತುದಿಗಳ ಕನ್ಕರೆನ್ಸ್ ನೋಡಿದರೆ ಸೊನ್ನೆ! ಪ್ರತಿ ಸೈಟ್‌ನ ಎಸ್‌ಝಡ್ (ಸ್ಪಿನ್ ಸರಾಸರಿ ಎಷ್ಟು ಮೇಲಕ್ಕೆ ಅಥವಾ ಕೆಳಕ್ಕೆ ಅನ್ನೋದು) ಪ್ರಿಂಟ್ ಮಾಡಿದಾಗ ಕಳ್ಳ ಸಿಕ್ಕಿದ. ಎಡತುದಿ ಪೂರ್ತಿ ಮೇಲಕ್ಕೆ, ಬಲತುದಿ ಪೂರ್ತಿ ಕೆಳಕ್ಕೆ. ನನಗೆ ಬೇಕಿದ್ದ ಸಿಂಗ್ಲೆಟ್ (ಎರಡು ಸ್ಪಿನ್ ಪೂರ್ತಿ ಹೆಣೆದುಕೊಂಡ ಸ್ಥಿತಿ) ಆಗಿದ್ದರೆ ಎರಡೂ ಸೊನ್ನೆ ಇರಬೇಕಿತ್ತು. ಈ ಸ್ಥಿತಿಗೂ ಸಿಂಗ್ಲೆಟ್‌ಗೂ ಶಕ್ತಿಯಲ್ಲಿ ವ್ಯತ್ಯಾಸ ಅರ್ಧ ಗ್ಯಾಪ್ ಮಾತ್ರ, ನಾಲ್ಕನೇ ದಶಮಾಂಶದ ಹತ್ತಿರ. ಎಂಟ್ಯಾಂಗಲ್‌ಮೆಂಟ್ ಕಡಿಮೆ ಇರುವ ಕಡೆಗೇ ಜಾರುವುದು ಡಿಎಂಆರ್‌ಜಿಯ ಹುಟ್ಟುಗುಣ. ಆ ಬಿಲ್‌ನ ಮುಕ್ಕಾಲು ಪಾಲು ಹೀಗೇ ಹೋಯಿತು.

ದಾರಿ ಸಿಕ್ಕಿದ್ದು ತುದಿಯ ಬಾಂಡ್ ಅನ್ನು 1ರಿಂದ ಶುರು ಮಾಡಿ ಮೆಲ್ಲಗೆ ಇಳಿಸಿದಾಗ. ಹಿಂದಿನ ಉತ್ತರವೇ ಮುಂದಿನದಕ್ಕೆ ಹೆಪ್ಪು. ಯಾವ ಮೆಟ್ಟಿಲಲ್ಲಿ ಎಷ್ಟು ನಾಯ್ಸ್ (ಲೆಕ್ಕ ತಪ್ಪು ಸ್ಥಿತಿಯಲ್ಲಿ ಸಿಕ್ಕಿಕೊಳ್ಳದಂತೆ ಬೇಕಂತಲೇ ಸೇರಿಸುವ ಕಲಕು) ಹಾಕಿದೆ ಅನ್ನೋದು ಸದ್ಯ ನನ್ನ ಹತ್ತಿರವೇ ಇರಲಿ. ಈಗ ಅದೇ ಲೆಕ್ಕ ನನ್ನ ಲ್ಯಾಪ್‌ಟಾಪ್‌ನಲ್ಲೇ ಮುಗಿಯುತ್ತೆ, ಬಾಡಿಗೆ ಇಲ್ಲ.

ತಾಪದ ಲೆಕ್ಕ ಬೆನ್ನ ಮೇಲೆ ಕೂತೇ ಇದೆ. ಗ್ಯಾಪ್ ಅನ್ನು 1.1ರಿಂದ (ನ್ಯಾಚುರಲ್ ಲಾಗ್ 3) ಭಾಗಿಸಿದರೆ ಬರುವ ತಾಪ ದಾಟಿದ ಕೂಡಲೇ ಜೋಡಿ ಸತ್ತಂತೆ. ಬಾಂಡ್‌ನ ಬಲ 100 ಕೆಲ್ವಿನ್ (ಶಕ್ತಿಯನ್ನೇ ತಾಪದಲ್ಲಿ ಹೇಳುವ ರೂಢಿ) ಅಂದುಕೊಂಡರೂ ಗ್ಯಾಪ್ ಕೆಲವು ಹತ್ತು ಮಿಲಿಕೆಲ್ವಿನ್. ಡೈಲ್ಯೂಶನ್ ಫ್ರಿಜ್ ಅಷ್ಟು ತಣ್ಣಗೆ ಹೋಗುತ್ತೆ, ಆದರೆ ಅಂಚಿನಲ್ಲಿ.

ಸುಮ್ನೆ ಕುತೂಹಲಕ್ಕೆ ಒಳಗಿನ ಸ್ಪಿನ್‌ಗಳನ್ನು ಬೆಸ ಸಂಖ್ಯೆ ಮಾಡಿಯೂ ನೋಡಿದೆ. ಒಳಭಾಗವೇ ಒಂಟಿ ಸ್ಪಿನ್‌ನಂತೆ (ಸ್ಪಿನ್-ಅರ್ಧ) ಆಗಿ ಮಧ್ಯೆ ತಲೆ ಹಾಕುತ್ತೆ. ಆಗ ಒಂದೇ ಶಕ್ತಿಯ ಎರಡು ಸ್ಥಿತಿ ಇರುತ್ತವೆ; ಸ್ವಲ್ಪ ಫೀಲ್ಡ್ (ಕಾಂತಕ್ಷೇತ್ರ) ಕೊಟ್ಟು ಅದರಲ್ಲಿ ಒಂದನ್ನೇ ಆರಿಸಿದರೆ ಕನ್ಕರೆನ್ಸ್ 1/3ರ ಸುತ್ತ. ಫೀಲ್ಡ್ ತೆಗೆದು ಎರಡೂ ಸ್ಥಿತಿ ಬೆರೆತರೆ ಅದೂ ಇಲ್ಲ. ಅಲ್ಲಿಗೆ ಕೈಬಿಟ್ಟೆ.