ಅಂಗಡಿಯ ಹೊರಗೆ ಬಿದ್ದು ಪೆಟ್ಟಾದರೆ: ಅಮೆರಿಕದಲ್ಲಿ ಪರಿಹಾರದ ದಾವೆಗೆ ಸಿದ್ಧವಾಗುವ ಬಗೆ

ಅಮೆರಿಕದಲ್ಲಿ ಅಂಗಡಿಯ ಮುಂದಿನ ಮೆಟ್ಟಿಲಲ್ಲೋ ಪಾರ್ಕಿಂಗ್ ಜಾಗದಲ್ಲೋ ಜಾರಿ ಬಿದ್ದು ಮೂಳೆ ಮುರಿದುಕೊಂಡರೆ ಅಂಗಡಿಯವರು ಖರ್ಚು ಕೊಟ್ಟೇ ಕೊಡಬೇಕಾಗುತ್ತದೆ ಎಂಬ ನಂಬಿಕೆ ಹಲವರಲ್ಲಿದೆ. ಅದು ತಪ್ಪು. ಜಾಗದ ಸುರಕ್ಷತೆಯ ಹೊಣೆಗೆ ಸಂಬಂಧಿಸಿದ ಈ ಕಾನೂನಿಗೆ ಅಲ್ಲಿ ‘ಪ್ರೆಮಿಸಸ್ ಲಯಬಿಲಿಟಿ’ ಎನ್ನುತ್ತಾರೆ. ಇದರ ವಿವರಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆಯಾದರೂ, ಬಿದ್ದು ಪೆಟ್ಟಾಯಿತು ಎಂಬುದೊಂದರಿಂದಲೇ ಪರಿಹಾರ ಸಿಗುವುದಿಲ್ಲ. ಅಪಾಯಕಾರಿಯಾದದ್ದು ಏನೋ ಅಲ್ಲಿತ್ತು, ಅದು ಅಂಗಡಿಯವರಿಗೆ ಗೊತ್ತಿತ್ತು ಅಥವಾ ಎಚ್ಚರದಿಂದ ಇದ್ದಿದ್ದರೆ ಗೊತ್ತಾಗುತ್ತಿತ್ತು, ಸರಿಪಡಿಸುವಷ್ಟು ಸಮಯವಿದ್ದರೂ ಅವರು ಸರಿಪಡಿಸಲಿಲ್ಲ ಎಂಬುದನ್ನೆಲ್ಲ ಸಾಮಾನ್ಯವಾಗಿ ಬಿದ್ದವರೇ ಸಾಬೀತು ಮಾಡಬೇಕು.

ಇವುಗಳಲ್ಲಿ ಎಲ್ಲಕ್ಕಿಂತ ಕಷ್ಟವಾದದ್ದು ಸಮಯದ ಪ್ರಶ್ನೆ. ಮ್ಯಾಸಚೂಸೆಟ್ಸ್‌ನ ಎರಡು ಹಳೆಯ ತೀರ್ಪುಗಳು ಇದನ್ನು ಸ್ಪಷ್ಟವಾಗಿ ತೋರಿಸುತ್ತವೆ. ಎರಡರಲ್ಲೂ ರೈಲು ಪ್ರಯಾಣಿಕರು ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟು ಜಾರಿ ಬಿದ್ದಿದ್ದರು. 1901ರ ಪ್ರಕರಣದಲ್ಲಿ, ಆ ಸಿಪ್ಪೆಯನ್ನು ರೈಲಿನಿಂದ ಇಳಿದ ಇನ್ನಾರೋ ಒಂದು ನಿಮಿಷದ ಹಿಂದಷ್ಟೇ ಎಸೆದಿರಬಹುದು ಎಂದು ನ್ಯಾಯಾಲಯ ಹೇಳಿತು, ವಾದಿ ಸೋತರು. 1911ರ ಪ್ರಕರಣದಲ್ಲಿ ಸಿಪ್ಪೆ ಒಣಗಿ, ಕಪ್ಪಾಗಿ, ತುಳಿತಕ್ಕೆ ಚಪ್ಪಟೆಯಾಗಿ, ಮಣ್ಣು ಮೆತ್ತಿಕೊಂಡಿತ್ತು. ಅದು ಬಹಳ ಹೊತ್ತಿನಿಂದ ಅಲ್ಲೇ ಬಿದ್ದಿತ್ತು ಎನ್ನಲು ಸಿಪ್ಪೆಯ ಸ್ಥಿತಿಯೇ ಸಾಕ್ಷಿಯಾಯಿತು, ವಾದಿ ಗೆದ್ದರು. ಪೆಟ್ಟು ಎಷ್ಟು ದೊಡ್ಡದು ಎಂಬುದು ಆಮೇಲಿನ ಮಾತು. ಮೊದಲು ಆ ಸಿಪ್ಪೆಯ ಬಣ್ಣವನ್ನು ಯಾರಾದರೂ ನೋಡಿ ಗುರುತಿಟ್ಟುಕೊಂಡಿರಬೇಕು.

ಆದ್ದರಿಂದ ಏಳಲು ಸಾಧ್ಯವಾದರೆ, ಅಥವಾ ಜೊತೆಗಿದ್ದವರ ಕೈಯಲ್ಲಿ, ಜಾಗವನ್ನು ಶುಚಿ ಮಾಡುವ ಮೊದಲೇ ಫೋಟೋ ತೆಗೆಸಿಕೊಳ್ಳಬೇಕು. ಹತ್ತಿರದಿಂದ ತೆಗೆದ ಚಿತ್ರವೊಂದೇ ಸಾಲದು. ಅಂಗಡಿಯ ಬಾಗಿಲು, ದೀಪ, ಎಚ್ಚರಿಕೆ ಫಲಕ ಇದ್ದರೆ ಅದು, ಇಲ್ಲದಿದ್ದರೆ ಅದು ಇಲ್ಲದಿರುವುದು, ಎಲ್ಲವೂ ಕಾಣುವಂತೆ ದೂರದಿಂದಲೂ ತೆಗೆಯಬೇಕು. ಎಣ್ಣೆಯೋ ನೀರೋ ಚೆಲ್ಲಿದ್ದರೆ ಅದರ ಮೇಲೆ ಹೆಜ್ಜೆ ಗುರುತು, ಗಾಡಿಯ ಚಕ್ರದ ಗೆರೆ, ಅಂಚಿನಲ್ಲಿ ಒಣಗಿದ ಕಲೆ ಇವೆಯೇ ಎಂದು ನೋಡಬೇಕು. ಎಡವಿದ್ದು ಕಾಂಕ್ರೀಟಿನ ಏರುತಗ್ಗಿಗಾದರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಬೇಕು. ಅಂಗವಿಕಲರಿಗೆ ಅನುಕೂಲವಾಗಲೆಂದು ಮಾಡಿರುವ ಎಡಿಎ ನಿಯಮಗಳ ಪ್ರಕಾರ ನಡೆಯುವ ದಾರಿಯಲ್ಲಿ ಕಾಲು ಇಂಚಿಗಿಂತ ಹೆಚ್ಚಿನ ಏರುತಗ್ಗು ಇದ್ದರೆ ಅದನ್ನು ಓರೆ ಮಾಡಬೇಕು, ಅರ್ಧ ಇಂಚು ಮೀರಿದರೆ ಇಳಿಜಾರು ಮಾಡಬೇಕು. ಇಂಥ ಅಳತೆ ಗೊತ್ತಿದ್ದರೆ, ‘ಇಷ್ಟು ಚಿಕ್ಕ ಬಿರುಕಿಗೆ ಯಾರು ಹೊಣೆ’ ಎಂಬ ಪ್ರತಿವಾದಿಯ ವಾದಕ್ಕೆ ಉತ್ತರಿಸುವುದು ಸುಲಭ. ಹಾಕಿಕೊಂಡಿದ್ದ ಚಪ್ಪಲಿ ಅಥವಾ ಶೂಗಳನ್ನು ತೊಳೆಯದೆ, ಮತ್ತೆ ಹಾಕಿಕೊಳ್ಳದೆ, ಒಂದು ಚೀಲದಲ್ಲಿ ತೆಗೆದಿಡಬೇಕು.

ಅಂಗಡಿಯ ಮ್ಯಾನೇಜರಿಗೆ ಹೇಳಿ ಘಟನೆಯ ವರದಿ ಬರೆಸಬೇಕು. ಎಲ್ಲಿ, ಎಷ್ಟು ಹೊತ್ತಿಗೆ, ಯಾವುದರ ಮೇಲೆ ಬಿದ್ದಿರಿ ಎಂಬುದಷ್ಟನ್ನೇ ಹೇಳಬೇಕು. ಸಂಕೋಚಕ್ಕೆ ‘ನಾನೇ ನೋಡಲಿಲ್ಲ, ಪರವಾಗಿಲ್ಲ’ ಎಂದುಬಿಡುವುದು ನಮ್ಮ ಅಭ್ಯಾಸ. ಆ ಒಂದು ಮಾತು ವರದಿಯಲ್ಲಿ ಸೇರಿ ಎರಡು ವರ್ಷದ ನಂತರ ನಿಮ್ಮ ಎದುರಿಗೇ ಬಂದು ನಿಲ್ಲುತ್ತದೆ. ಅದೇ ದಿನ ವೈದ್ಯರ ಬಳಿ ಹೋಗಿ, ಹೇಗೆ ಬಿದ್ದಿರೆಂದು ಅವರ ದಾಖಲೆಯಲ್ಲಿ ಬರೆಸುವುದು ಕೂಡ ಇಷ್ಟೇ ಮುಖ್ಯ. ಕ್ಯಾಮೆರಾದ ದೃಶ್ಯಗಳ ಮೇಲೆ ಕೆಲವೇ ದಿನಗಳಲ್ಲಿ ಅಥವಾ ವಾರಗಳಲ್ಲಿ ಹೊಸ ದೃಶ್ಯಗಳು ದಾಖಲಾಗಿ ಹಳೆಯವು ಅಳಿಸಿಹೋಗುವುದರಿಂದ, ಬೀಳುವ ಮೊದಲಿನ ಕೆಲವು ಗಂಟೆಗಳ ದೃಶ್ಯವನ್ನೂ ಸೇರಿಸಿ ಕಾಪಾಡಿ ಇಡಬೇಕೆಂದು ಆ ವಾರದಲ್ಲೇ ಅಂಗಡಿಗೆ ಲಿಖಿತ ಪತ್ರ ಕಳುಹಿಸಬೇಕು.

ಬಿದ್ದ ಜಾಗ ಯಾರದು ಎಂಬುದು ಹೊರಗಿನ ಪ್ರಕರಣಗಳಲ್ಲಿ ದೊಡ್ಡ ಪ್ರಶ್ನೆ. ಅಂಗಡಿಯವರು ಬಾಡಿಗೆದಾರರಾಗಿದ್ದರೆ ಪಾರ್ಕಿಂಗ್ ಜಾಗವು ಕಟ್ಟಡದ ಮಾಲೀಕರ ಸುಪರ್ದಿಯಲ್ಲಿರಬಹುದು, ಹಿಮ ತೆಗೆಯುವ ಕೆಲಸ ಗುತ್ತಿಗೆದಾರರದ್ದಾಗಿರಬಹುದು, ಫುಟ್‌ಪಾತ್ ನಗರಾಡಳಿತಕ್ಕೆ ಸೇರಿರಬಹುದು. ನ್ಯೂಜೆರ್ಸಿಯಲ್ಲಿ ವಾಣಿಜ್ಯ ಕಟ್ಟಡದ ಮುಂದಿನ ಫುಟ್‌ಪಾತಿನ ಹೊಣೆ 1981ರ ತೀರ್ಪಿನಿಂದ ಮಾಲೀಕರ ಮೇಲೆ ಬಂತು. ನ್ಯೂಯಾರ್ಕ್ ನಗರದಲ್ಲಿ 2003ರ ಕಾನೂನು ಅದನ್ನು ಬಹುಪಾಲು ಪಕ್ಕದ ಆಸ್ತಿಯ ಮಾಲೀಕರಿಗೆ ವರ್ಗಾಯಿಸಿತು. ಹಿಮದ ವಿಷಯದಲ್ಲೂ ರಾಜ್ಯಗಳು ಒಂದೇ ದಾರಿ ಹಿಡಿದಿಲ್ಲ. ಮ್ಯಾಸಚೂಸೆಟ್ಸ್‌ನ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ, ತಾನಾಗಿ ಬಿದ್ದ ಹಿಮಕ್ಕೆ ಹೊಣೆಯಿಲ್ಲ ಎಂಬ ಹಳೆಯ ನಿಯಮವನ್ನು ಕೈಬಿಟ್ಟಿತು; ನ್ಯೂಜೆರ್ಸಿಯ ಸುಪ್ರೀಂ ಕೋರ್ಟ್ 2021ರಲ್ಲಿ, ಕೆಲವು ವಿಶೇಷ ಸಂದರ್ಭಗಳನ್ನು ಬಿಟ್ಟರೆ, ಹಿಮಪಾತ ನಡೆಯುತ್ತಿರುವಾಗಲೇ ದಾರಿ ತೆರವು ಮಾಡುವ ಹೊಣೆ ಮಾಲೀಕರಿಗಿಲ್ಲ ಎಂದಿತು. ಹಾಗಾಗಿ ಆ ದಿನದ ಗಂಟೆಗಂಟೆಯ ಹವಾಮಾನ ದಾಖಲೆಯನ್ನು ಪಡೆದಿಟ್ಟುಕೊಳ್ಳುವುದು ಒಳ್ಳೆಯದು.

ಮರುದಿನ ಹೋಗಿ ನೋಡಿದರೆ ಬಿರುಕು ಮುಚ್ಚಿರುತ್ತದೆ. ಇದನ್ನೇ ತಪ್ಪೊಪ್ಪಿಗೆ ಎಂದು ತಿಳಿಯಬಾರದು. ಫೆಡರಲ್ ಸಾಕ್ಷ್ಯ ನಿಯಮ 407ರ ಪ್ರಕಾರ ನಂತರದ ದುರಸ್ತಿಯನ್ನು ನಿರ್ಲಕ್ಷ್ಯದ ಸಾಕ್ಷಿಯಾಗಿ ಬಳಸುವಂತಿಲ್ಲ. ಆದರೆ ‘ಆ ಜಾಗ ನಮ್ಮದಲ್ಲ’ ಎಂದು ಅವರು ವಾದಿಸಿದರೆ, ದುರಸ್ತಿ ಮಾಡಿಸಿದವರು ಯಾರೆಂದು ತೋರಿಸಬಹುದು. ಅದರ ಚಿತ್ರವನ್ನೂ ತೆಗೆದಿಡಿ.

ನಿಮ್ಮ ಕಡೆಯ ಅಜಾಗರೂಕತೆಯನ್ನೂ ನ್ಯಾಯಾಲಯ ಅಳೆಯುತ್ತದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಲ್ಲಿ ನಿಮ್ಮ ತಪ್ಪಿನ ಪಾಲಿನಷ್ಟು ಪರಿಹಾರ ಕಡಿಮೆಯಾಗುತ್ತದೆ; ಹೆಚ್ಚಿನ ರಾಜ್ಯಗಳಲ್ಲಿ ನಿಮ್ಮ ಪಾಲು ಅರ್ಧದ ಆಸುಪಾಸಿನ ಮಿತಿಯನ್ನು ದಾಟಿದರೆ ಏನೂ ಸಿಗುವುದಿಲ್ಲ; ಅಲಬಾಮಾ, ಮೇರಿಲ್ಯಾಂಡ್, ಉತ್ತರ ಕೆರೊಲಿನಾ, ವರ್ಜೀನಿಯಾಗಳಲ್ಲಿ ಅಲ್ಪ ತಪ್ಪೂ ಇಡೀ ದಾವೆಯನ್ನು ಮುಳುಗಿಸಬಹುದು. ದಾವೆ ಹೂಡುವ ಕಾಲಮಿತಿ ಟೆನ್ನೆಸ್ಸಿಯಲ್ಲಿ 1 ವರ್ಷ, ಕ್ಯಾಲಿಫೋರ್ನಿಯಾದಲ್ಲಿ 2 ವರ್ಷ, ನ್ಯೂಯಾರ್ಕ್‌ನಲ್ಲಿ 3 ವರ್ಷ. ಆದರೆ ಅದೇ ನ್ಯೂಯಾರ್ಕ್‌ನಲ್ಲಿ ನಗರಾಡಳಿತ ಪ್ರತಿವಾದಿಯಾದರೆ 90 ದಿನಗಳೊಳಗೆ ನೋಟಿಸ್ ಕೊಡಬೇಕು. ಈ 90 ದಿನ ಆಸ್ಪತ್ರೆಯ ಓಡಾಟದಲ್ಲೇ ಕಳೆದುಹೋಗುವುದರಿಂದ ಮೊದಲ ತಿಂಗಳಲ್ಲೇ ವಕೀಲರನ್ನು ಕಾಣಬೇಕು. ಗೆದ್ದರೆ ಮಾತ್ರ ಶುಲ್ಕ, ಸಾಮಾನ್ಯವಾಗಿ ಮೂರನೇ ಒಂದು ಪಾಲಿನ ಆಸುಪಾಸು, ಎಂಬ ಕರಾರಿನ ಮೇಲೆ ಇಂಥ ಪ್ರಕರಣಗಳನ್ನು ವಕೀಲರು ತೆಗೆದುಕೊಳ್ಳುತ್ತಾರೆ; ಸೋತರೆ ತಜ್ಞರ ಖರ್ಚು ಯಾರದೆಂದು ಸಹಿಗೆ ಮೊದಲೇ ಕೇಳಿ.

ದಾವೆ ಹೂಡಿದ ಮೇಲೆ ಅಂಗಡಿಯ ಶುಚಿತ್ವದ ದಿನಚರಿ, ಹಿಂದಿನ ದೂರುಗಳು, ಗುತ್ತಿಗೆ ಪತ್ರಗಳನ್ನು ತರಿಸಿಕೊಳ್ಳುವ ಹಕ್ಕು ನಿಮ್ಮ ವಕೀಲರಿಗೆ ಸಿಗುತ್ತದೆ, ಮತ್ತು ನಿಮ್ಮನ್ನು ಪ್ರಮಾಣ ಮಾಡಿಸಿ ಗಂಟೆಗಟ್ಟಲೆ ಪ್ರಶ್ನಿಸುವ ಹಕ್ಕು ಅವರ ವಕೀಲರಿಗೆ ಸಿಗುತ್ತದೆ. ಬಹುಪಾಲು ಪ್ರಕರಣಗಳು ವಿಚಾರಣೆಗೆ ಮುಂಚೆಯೇ ರಾಜಿಯಾಗುತ್ತವೆ. ಇನ್ನು ಯಾವ ಬೇಡಿಕೆಯೂ ಇಲ್ಲ ಎಂದು ವಿಮಾ ಕಂಪನಿ ಬರೆಸಿಕೊಳ್ಳುವ ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ ಮೇಲೆ ಮುಂದಿನ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಮತ್ತೆ ಕೇಳುವಂತಿಲ್ಲ. ನಿಮ್ಮ ಚಿಕಿತ್ಸೆಗೆ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗಾಗಿ ಇರುವ ಸರ್ಕಾರಿ ಆರೋಗ್ಯ ವಿಮೆ) ಹಣ ಕೊಟ್ಟಿದ್ದರೆ ಅದನ್ನು ಆ ಪರಿಹಾರದಿಂದಲೇ ಹಿಂತಿರುಗಿಸಬೇಕಾಗುತ್ತದೆ. ಆದ್ದರಿಂದ ಎಲ್ಲ ಕಡಿತಗಳ ನಂತರ ಕೈಗೆ ಬರುವ ಮೊತ್ತ ಎಷ್ಟೆಂದು ವಕೀಲರಿಂದ ಬರೆಸಿಕೊಂಡು ನೋಡಿ, ಆಮೇಲೆ ಒಪ್ಪಿಗೆ ಕೊಡಿ.