ಮುಖ ನೋಡಿ ಮಣೆ ಹಾಕಬೇಡಿ: ಸರ್ಕಾರಿ ಆಸ್ಪತ್ರೆಯ ಮಂಡಳಿಗೆ ಸದಸ್ಯರನ್ನು ಆರಿಸುವುದು ಹೇಗೆ, ಅವರ ಕೆಲಸ ನೋಡುವುದು ಹೇಗೆ?

ಸರ್ಕಾರಿ ಆಸ್ಪತ್ರೆಯೊಂದರ ಆಡಳಿತ ಮಂಡಳಿಗೆ ಕಾರ್ಯದರ್ಶಿಯಾಗಿ ವರ್ಷಗಟ್ಟಲೆ ನಡಾವಳಿ ಬರೆದವನು ನಾನು. ಯಾರು ಕಾಗದಪತ್ರ ಓದಿಕೊಂಡು ಬಂದಿದ್ದಾರೆ, ಯಾರು ಲಕೋಟೆಯನ್ನು ಸಭೆಯಲ್ಲೇ ಹರಿದು ತೆಗೆಯುತ್ತಾರೆ ಅನ್ನೋದು ಬರೆಯುವವನಿಗೆ ಚೆನ್ನಾಗಿ ಕಾಣುತ್ತದೆ. ಹೊಸ ಸದಸ್ಯರನ್ನು ಹುಡುಕುವವರಿಗೆ ನಾನು ಹೇಳುವುದು ಇಷ್ಟು: ಕೇಳಬೇಕಾದ ಪ್ರಶ್ನೆಯನ್ನು ಉತ್ತರ ಸಿಗುವವರೆಗೂ ಬಿಡದವರು ಬೇಕು. ಬಿರುದು, ಹುದ್ದೆ ಎಲ್ಲ ಆಮೇಲೆ.

ಹೆಸರು ಯೋಚಿಸುವ ಮೊದಲು ಒಂದು ಹಾಳೆ ತಗೊಳ್ಳಿ. ಎಡಗಡೆ ಈಗಿರುವ ಸದಸ್ಯರ ಹೆಸರು ಬರೆಯಿರಿ. ಮೇಲೆ ಲೆಕ್ಕಪತ್ರ, ಕಾನೂನು, ಕಟ್ಟಡ ಮತ್ತು ಖರೀದಿ, ಕಂಪ್ಯೂಟರ್ ವ್ಯವಸ್ಥೆ, ಚಿಕಿತ್ಸೆಯ ಗುಣಮಟ್ಟ, ರೋಗಿಯಾಗಿ ಇದ್ದ ಅನುಭವ ಅಂತ ಕಾಲಂ ಹಾಕಿ. ಯಾರಿಗೆ ಏನು ನಿಜವಾಗಿ ಗೊತ್ತಿದೆಯೋ ಅಲ್ಲಿ ಮಾತ್ರ ಗುರುತು ಮಾಡಿ. ಲೆಕ್ಕಪತ್ರದ ಕೆಳಗೆ ಸಾಲು ಸಾಲು ಗುರುತು ಬೀಳುತ್ತದೆ, ಕೊನೆಯ ಎರಡು ಕಾಲಂ ಖಾಲಿ ಉಳಿಯುತ್ತದೆ. ನಾನು ನೋಡಿದ್ದು ಹೆಚ್ಚಾಗಿ ಹೀಗೇ.

"ಡಾಕ್ಟರ್ ಒಬ್ಬರಿದ್ದಾರಲ್ಲ, ಗುಣಮಟ್ಟ ಅವರು ನೋಡ್ಕೋತಾರೆ" ಅಂತ ಯಾರೋ ಹೇಳೇ ಹೇಳುತ್ತಾರೆ. ಸಾಲದು. ರೋಗಿಯನ್ನು ಚೆನ್ನಾಗಿ ನೋಡುವ ಡಾಕ್ಟರಿಗೆ ಇಡೀ ಆಸ್ಪತ್ರೆಯ ಅಂಕಿಅಂಶ ಓದಲು ಬರಬೇಕೆಂದಿಲ್ಲ. ಅದೇ ಆಸ್ಪತ್ರೆಯವರಾದರೆ ತಮ್ಮ ಮೇಲಧಿಕಾರಿಯನ್ನೇ ಪ್ರಶ್ನೆ ಮಾಡಬೇಕು, ಕಷ್ಟ ಅಲ್ವಾ? ಬೇರೆ ಕಡೆ ಕೆಲಸ ಮಾಡಿ ನಿವೃತ್ತರಾದ ಹಿರಿಯ ನರ್ಸ್ ಅಥವಾ ವಿಮಾನಯಾನ ಸುರಕ್ಷತೆಯಲ್ಲಿ ಪಳಗಿದವರು ಎಷ್ಟೋ ಸಲ ಇದಕ್ಕಿಂತ ಉಪಯೋಗಕ್ಕೆ ಬರುತ್ತಾರೆ.

ಈ ಖಾಲಿ ಕಾಲಂ ಎಷ್ಟು ದುಬಾರಿ ಅಂತ ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯನ್ನು ನೋಡಿ. 2005ರಿಂದ 2009ರ ನಡುವೆ ಅಲ್ಲಿ ರೋಗಿಗಳು ಪಟ್ಟ ಪಾಡು ಭಯಂಕರ. ಮಂಡಳಿಯ ಗಮನವೆಲ್ಲ ಹಣಕಾಸಿನ ಗುರಿ ಮುಟ್ಟುವುದು, ಸಂಸ್ಥೆಗೆ ಹೆಚ್ಚಿನ ಸ್ವಾಯತ್ತ ಸ್ಥಾನ ಗಿಟ್ಟಿಸುವುದರ ಮೇಲಿತ್ತು. ಮನೆಯವರ ದೂರು ಕಿವಿಗೆ ಬೀಳಲಿಲ್ಲ. ರಾಬರ್ಟ್ ಫ್ರಾನ್ಸಿಸ್ ಅವರ ವಿಚಾರಣಾ ವರದಿ 2013ರಲ್ಲಿ ಬಂತು, 290 ಶಿಫಾರಸುಗಳೊಂದಿಗೆ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಬ್ಯಾಕಸ್ ಮಾರ್ಷ್ ಎಂಬ ಊರಿನ ಆಸ್ಪತ್ರೆಯಲ್ಲಿ ತಪ್ಪಿಸಬಹುದಾಗಿದ್ದ ಶಿಶುಮರಣಗಳು ಆದವು. ಅದರ ಬೆನ್ನಿಗೆ ಸ್ಟೀಫನ್ ಡಕೆಟ್ ನೇತೃತ್ವದಲ್ಲಿ ನಡೆದ ಪರಿಶೀಲನೆಯ ವರದಿ 2016ರಲ್ಲಿ ಬಂತು. ಮಂಡಳಿಗಳಲ್ಲಿ ಚಿಕಿತ್ಸೆಯ ಸುರಕ್ಷತೆ ಅರಿತವರು ಇರಲೇಬೇಕು ಅಂತ ಅದು ಹೇಳಿತು.

ಜಾಹೀರಾತು ಬಹಿರಂಗವಾಗಿ ಕೊಡಿ. "ತಿಂಗಳಿಗೆ ಒಂದು ಸಭೆ" ಅಂತಷ್ಟೇ ಬರೆದರೆ ಅದು ಅರ್ಧಸತ್ಯ. ಓದುವ ಕಾಗದದ ಕಟ್ಟು, ಉಪಸಮಿತಿ, ನಡುನಡುವೆ ಬರುವ ತುರ್ತು ಸಭೆ ಎಲ್ಲ ಹೇಳಿ. ಡೈರಿ ನೋಡದೆ "ಅಯ್ಯೋ, ಟೈಮ್ ಇದೆ ಬಿಡಿ" ಅನ್ನುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ.

ಸಂದರ್ಶನದಲ್ಲಿ ಸಾಧನೆ ಕೇಳಬೇಡಿ, ಒಂದು ವರದಿ ಕೊಡಿ. ನಾನು ಸಿದ್ಧಮಾಡುತ್ತಿದ್ದುದು ನಾಲ್ಕು ಪುಟದ್ದು. ಮೊದಲ ಪುಟದಲ್ಲಿ ಆಪರೇಷನ್ ಆದ ಮೇಲಿನ ಸೋಂಕು ನೂರಕ್ಕೆ 4, ಮಿತಿ 5, ಪಕ್ಕದಲ್ಲಿ ಹಸಿರು ಚುಕ್ಕೆ. ಕೊನೆಯ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ ವಾರ್ಡುವಾರು ಲೆಕ್ಕ: 2, 2, 8. ಮೂರೂ ವಾರ್ಡಿನಲ್ಲಿ ರೋಗಿಗಳ ಸಂಖ್ಯೆ ಸಮ. ಹತ್ತು ನಿಮಿಷ ಕೊಟ್ಟು ಸುಮ್ನೆ ಕೂತಿರಿ. ದೊಡ್ಡ ಕಂಪನಿ ನಡೆಸಿದವರೊಬ್ಬರು ಹಸಿರು ಚುಕ್ಕೆ ನೋಡಿ "ವೆರಿ ಗುಡ್" ಅಂದು ಕಾಗದ ವಾಪಸ್ ಕೊಟ್ಟರು. ನಿವೃತ್ತ ಗಣಿತ ಮೇಷ್ಟ್ರೊಬ್ಬರು ಪುಟ ಹಿಂದೆ ಮುಂದೆ ತಿರುವಿ, ಕನ್ನಡಕ ಮೇಲೇರಿಸಿ ಕೇಳಿದರು: "ಮೂರನೇ ವಾರ್ಡಲ್ಲಿ ಎಂಟು ಇದೆಯಲ್ರೀ, ಇದಕ್ಕೆ ಹಸಿರು ಹಾಕಿದವರು ಯಾರು? ಕಳೆದ ವರ್ಷ ಎಷ್ಟಿತ್ತು?" ಯಾರನ್ನು ತಗೊಂಡೆವು ಅಂತ ಬೇರೆ ಹೇಳಬೇಕಾಗಿಲ್ಲ.

ಅಭ್ಯರ್ಥಿಯ ಹಿಂದಿನ ಸಂಸ್ಥೆಗೆ ಫೋನ್ ಮಾಡಿದಾಗ "ಒಳ್ಳೆಯವರಾ?" ಅಂತ ಕೇಳಿದರೆ ಹೌದು ಅಂತಲೇ ಉತ್ತರ ಬರುತ್ತದೆ. "ಅವರು ಯಾವಾಗ ಭಿನ್ನಾಭಿಪ್ರಾಯ ಹೇಳಿದ್ದರು? ಹೇಗೆ ಹೇಳಿದರು?" ಅಂತ ಕೇಳಿ. ಹಿತಾಸಕ್ತಿಯ ವಿಚಾರವನ್ನೂ ಬರವಣಿಗೆಯಲ್ಲೇ ಪಡೆಯಿರಿ. ಭಾವಮೈದುನ ಔಷಧ ಪೂರೈಸುತ್ತಿದ್ದರೆ ಆ ಟೆಂಡರ್ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗಬೇಕು. ಹೋದ ಹೊತ್ತು, ಬಂದ ಹೊತ್ತು ನಡಾವಳಿಯಲ್ಲಿ ಇರಬೇಕು.

ಬಂದವರಿಗೆ ಮೊದಲ ಕೆಲವು ವಾರ ವಾರ್ಡು, ಅಡುಗೆಮನೆ, ದೂರು ವಿಭಾಗ ತೋರಿಸಿ. ಜೊತೆಗೆ ಮಂಡಳಿಯ ಕೆಲಸ ಎಲ್ಲಿಗೆ ಮುಗಿಯುತ್ತದೆ ಅನ್ನೋ ಗೆರೆಯನ್ನೂ ಹೇಳಿ. ರಾತ್ರಿ ಪಾಳಿಯಲ್ಲಿ ನರ್ಸ್‌ಗಳು ಸಾಕಷ್ಟಿದ್ದಾರಾ ಅಂತ ಮಂಡಳಿ ಕೇಳಬೇಕು. ಯಾರಿಗೆ ಯಾವ ಪಾಳಿ ಅಂತ ಹಾಕುವುದು ಆಡಳಿತದವರ ಕೆಲಸ.

ಇನ್ನು ಮೇಲ್ವಿಚಾರಣೆ. ಹಾಜರಿ ಪುಸ್ತಕದಿಂದ ಜಾಸ್ತಿ ಏನೂ ತಿಳಿಯಲ್ಲ, ತಲೆ ಆಡಿಸುವವರೂ ತಪ್ಪದೆ ಬರುತ್ತಾರೆ. ನಡಾವಳಿಯ ಹೊರತಾಗಿ ನಾನು ಇನ್ನೊಂದು ಪುಸ್ತಕ ಇಟ್ಟಿದ್ದೆ, ಅಧ್ಯಕ್ಷರ ಕಣ್ಣಿಗೆ ಮಾತ್ರ. ಯಾವ ವಿಷಯಕ್ಕೆ ಎಷ್ಟು ಹೊತ್ತು ಹೋಯಿತು, ಯಾರು ಏನು ಕೇಳಿದರು, ಉತ್ತರ ಬಂತಾ, ಬರದಿದ್ದರೆ ಮುಂದಿನ ಸಭೆಯಲ್ಲಿ ಅವರೇ ಮತ್ತೆ ಕೇಳಿದರಾ. ಪಾರ್ಕಿಂಗ್ ಜಾಗಕ್ಕೆ ಮುಕ್ಕಾಲು ಗಂಟೆ, ವಾರ್ಡಿನಲ್ಲಿ ಬಿದ್ದು ಸೊಂಟ ಮುರಿದುಕೊಂಡವರಿಗೆ ಐದು ನಿಮಿಷ! ಅದನ್ನು ನೋಡಿದ ಮೇಲೆ ಅಧ್ಯಕ್ಷರು ಅಜೆಂಡಾದಲ್ಲಿ ಗುಣಮಟ್ಟವನ್ನು ಮೊದಲಿಗೆ ತಂದರು, ಕಟ್ಟಡವನ್ನು ಕೊನೆಗೆ ತಳ್ಳಿದರು. "ಸರಿಪಡಿಸುತ್ತಿದ್ದೇವೆ" ಎಂಬ ಉತ್ತರ ಮೂರನೇ ಸಭೆಯಲ್ಲೂ ಬಂದಾಗ ಯಾರು ದಿನಾಂಕ ಕೇಳಿದರು ಅಂತ ನೋಡಿ. ಕೆಲಸ ಮಾಡುವ ಸದಸ್ಯರು ಅವರೇ.

ವರ್ಷಕ್ಕೊಮ್ಮೆ ಅಧ್ಯಕ್ಷರು ಒಬ್ಬೊಬ್ಬರ ಜೊತೆ ಕೂತು ಈ ಪುಸ್ತಕ ಮುಂದಿಟ್ಟುಕೊಂಡು ಮಾತಾಡಲಿ. ಅಧ್ಯಕ್ಷರ ಬಗ್ಗೆ ಉಳಿದವರನ್ನು ಉಪಾಧ್ಯಕ್ಷರು ಕೇಳಲಿ. ತಮ್ಮ ಬೆನ್ನು ತಮಗೆ ಕಾಣಲ್ಲ. 2010ರಲ್ಲಿ ಅಮೆರಿಕದ ಆಸ್ಪತ್ರೆ ಮಂಡಳಿಗಳ ಅಧ್ಯಕ್ಷರ ಸಮೀಕ್ಷೆ ಪ್ರಕಟವಾಯಿತು. ಗುಣಮಟ್ಟದಲ್ಲಿ ಹಿಂದೆ ಬಿದ್ದ ಆಸ್ಪತ್ರೆಗಳ ಅಧ್ಯಕ್ಷರಲ್ಲಿ ಒಬ್ಬರೂ "ನಮ್ಮದು ಉಳಿದವಕ್ಕಿಂತ ಕೆಳಗಿದೆ" ಅನ್ನಲಿಲ್ಲ.

ಮಾತಾಡಿದರೂ ಬದಲಾಗದವರನ್ನು ಅವಧಿ ಮುಗಿದಾಗ ಮುಂದುವರಿಸಬೇಡಿ. ಮರುನೇಮಕ ತಾನಾಗಿ ಸಿಗುವ ಹಕ್ಕಲ್ಲ ಅಂತ ನೇಮಕದ ಪತ್ರದಲ್ಲೇ ಬರೆದಿದ್ದರೆ ಆಗ ಮುಜುಗರ ಕಡಿಮೆ. ನೇಮಿಸುವುದು ಸರ್ಕಾರವಾದರೆ ತೆಗೆಯುವ ಅಧಿಕಾರ ಸಾಮಾನ್ಯವಾಗಿ ಮಂಡಳಿಗೆ ಇರಲ್ಲ, ಪತ್ರ ಬರೆಯಬೇಕು. ಪತ್ರದಲ್ಲಿ "ಆಸಕ್ತಿ ಇಲ್ಲದವರು" ಅಂತ ಬರೆಯಬೇಡಿ. ತಪ್ಪಿಸಿದ ಸಭೆಗಳ ದಿನಾಂಕ, ಒಪ್ಪಿಕೊಂಡು ಮಾಡದ ಕೆಲಸಗಳ ಪಟ್ಟಿ, ಅಧ್ಯಕ್ಷರು ಮಾತಾಡಿದ ದಿನ, ಇಷ್ಟು ಸಾಕು. ಅವಧಿ ಮುಗಿಯಲು ಆರು ತಿಂಗಳು ಇರುವಾಗಲೇ ಕಳಿಸಿ, ಜೊತೆಗೆ ಆ ಕಾಲಂ ಹಾಳೆಯನ್ನೂ ಲಗತ್ತಿಸಿ. ಇಲ್ಲದಿದ್ದರೆ ಖಾಲಿ ಜಾಗಕ್ಕೆ ಇನ್ನೊಬ್ಬ ಲೆಕ್ಕಪರಿಶೋಧಕರನ್ನು ಕಳಿಸಿಬಿಡುತ್ತಾರೆ.