ನೆರೆಯ ಅಪಾಯ ಅಳೆಯುವುದು, ಮನೆಗೆ ವಿಮೆ ಮಾಡಿಸುವುದು

ಮನೆ ಎತ್ತರದಲ್ಲಿದೆಯೆಂಬ ನಂಬಿಕೆಯನ್ನು ಬದಿಗಿಟ್ಟು, ಮೊದಲು ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರಿನ ಸುತ್ತ ಕೆರೆ ಅಥವಾ ರಾಜಕಾಲುವೆ (ಮಳೆನೀರು ಹರಿಯುವ ದೊಡ್ಡ ಕಾಲುವೆ) ಇದೆಯೇ ಎಂದು ನೋಡಿ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಮಹದೇವಪುರದ ದುಬಾರಿ ಬಡಾವಣೆಗಳಿಗೂ ನೀರು ನುಗ್ಗಿತು. ನದಿಯಿಲ್ಲದ ಊರಿನಲ್ಲೂ ನೆರೆ ಬರುತ್ತದೆ. ಬಳಿಕ ಬೀದಿಯ ಹಳಬರನ್ನು ಕೇಳಿ. ನೀರು ಎಲ್ಲಿಯವರೆಗೆ ಏರಿತ್ತೆಂಬುದನ್ನು ಅವರು ಗೋಡೆ ಮುಟ್ಟಿಯೇ ತೋರಿಸುತ್ತಾರೆ.

ವಿಮೆಯ ವಿಷಯದಲ್ಲಿ, 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 'ಭಾರತ್ ಗೃಹ ರಕ್ಷಾ' ಎಂಬ ಪ್ರಮಾಣಿತ ಪಾಲಿಸಿ ಸಾಮಾನ್ಯ ಮನೆಗೆ ಸಾಕಾಗುತ್ತದೆ. ಪ್ರವಾಹ, ಜಲಾವೃತ, ಭೂಕುಸಿತ ಮೂರೂ ಇದರಲ್ಲಿ ಸೇರಿವೆ. ಕೊಡಗಿನವರಿಗೆ ಕೊನೆಯದೇ ಮುಖ್ಯ. ಆದರೆ ನದಿ ಅಥವಾ ಕಡಲು ದಡ ಕೊರೆದು ಆಗುವ ಹಾನಿ ಸೇರಿಲ್ಲವೆಂಬುದನ್ನು ಹೊಳೆಯಂಚಿನವರು ಗಮನಿಸಬೇಕು. ವಿಮಾ ಮೊತ್ತವನ್ನು ನಿವೇಶನದ ಮಾರುಕಟ್ಟೆ ಬೆಲೆಯ ಮೇಲಲ್ಲ, ಮನೆಯನ್ನು ಮತ್ತೆ ಕಟ್ಟಲು ತಗಲುವ ವೆಚ್ಚದ ಮೇಲೆ ಲೆಕ್ಕಹಾಕಿ. ಮನೆಯೊಳಗಿನ ಸಾಮಾನಿಗೆ ಕಟ್ಟಡದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ತಾನಾಗಿಯೇ ರಕ್ಷಣೆ ದೊರೆಯುತ್ತದೆ. ಬಾಡಿಗೆದಾರರು ಸಾಮಾನಿಗಷ್ಟೇ ಪಾಲಿಸಿ ಪಡೆಯಬಹುದು. ಕಾರು, ಬೈಕಿಗೆ ಮಾತ್ರ ವಾಹನ ವಿಮೆಯೇ ಬೇಕು.

ನೀರು ನುಗ್ಗಿದರೆ, ಕೆಸರು ತೊಳೆಯುವ ಆತುರಕ್ಕೆ ಮೊದಲು ಫೋಟೊ ತೆಗೆದು ಕಂಪನಿಗೆ ತಿಳಿಸಿ. ಹಾನಿಯನ್ನು ಅಂದಾಜಿಸುವ ವಿಮಾ ಸರ್ವೇಯರ್ ಬಂದು ನೋಡುವವರೆಗೆ ಹಾಳಾದ ವಸ್ತುಗಳನ್ನು ಎಸೆಯಬೇಡಿ.